ಸಿಲ್ಚೆಸ್ಟರ್ ಉತ್ಖನನ: ಸ್ವಯಂಸೇವಕರು ಮಣ್ಣನ್ನು ಓದುವುದು ಹೇಗೆ?

ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಸಿಲ್ಚೆಸ್ಟರ್ ಎಂಬ ಹಳ್ಳಿಯಿದೆ. ರೋಮನ್ನರ ಕಾಲದಲ್ಲಿ ಇಲ್ಲಿ ಕಲೇವಾ ಅಟ್ರೆಬಾಟಮ್ ಎಂಬ ಪಟ್ಟಣವಿತ್ತು. ಜನ ಬಿಟ್ಟುಹೋದ ಮೇಲೆ ಅದರ ಮೇಲೆ ಬೇರೆ ಊರು ಬೆಳೆಯಲಿಲ್ಲ. ಹಾಗಾಗಿ ಹೊಲಗಳ ಕೆಳಗೆ ಇಡೀ ಪಟ್ಟಣದ ನಕ್ಷೆ ಉಳಿದುಕೊಂಡಿದೆ. ರೀಡಿಂಗ್ ವಿಶ್ವವಿದ್ಯಾಲಯ 1997ರಿಂದ 2014ರವರೆಗೆ ಪ್ರತಿ ಬೇಸಿಗೆ ಇಲ್ಲಿನ ಒಂಬತ್ತನೇ ಬಡಾವಣೆಯನ್ನು (ಇನ್ಸುಲಾ 9) ಅಗೆಯಿತು. ವಿದ್ಯಾರ್ಥಿಗಳು, ಸ್ವಯಂಸೇವಕರು ಪಕ್ಕದಲ್ಲೇ ಟೆಂಟ್ ಹಾಕಿಕೊಂಡು ಕೆಲಸ ಮಾಡಿದರು. ನೇತೃತ್ವ ಪುರಾತತ್ವಜ್ಞ ಮೈಕೆಲ್ ಫುಲ್ಫರ್ಡ್ ಅವರದು.

ಈ ಜಾಗವನ್ನು 1890ರ ದಶಕದಲ್ಲೇ ಒಮ್ಮೆ ಅಗೆದಿದ್ದರು. ಆಗ ಕಲ್ಲಿನ ಗೋಡೆ ಹುಡುಕುತ್ತಾ ಕಾಲುವೆ ತೋಡಿಕೊಂಡು ಹೋದರು. ಮರದ ಮನೆಗಳು ಬಹುಮಟ್ಟಿಗೆ ಅವರ ಕಣ್ಣಿಗೆ ಬೀಳಲೇ ಇಲ್ಲ. ಮರ ಕೊಳೆತುಹೋಗುತ್ತದೆ, ಕಂಬ ನೆಟ್ಟ ಗುಳಿ ಮಾತ್ರ ಮಣ್ಣಿನಲ್ಲಿ ಬೇರೆ ಬಣ್ಣದ ಕಲೆಯಾಗಿ ಉಳಿಯುತ್ತದೆ. ಆ ಕಲೆ ಕಾಣಬೇಕಾದರೆ ದೊಡ್ಡ ಜಾಗವನ್ನು ಒಟ್ಟಿಗೆ ತೆರೆಯಬೇಕು, ನಿಧಾನವಾಗಿ ಕೆರೆಯಬೇಕು. ಅದಕ್ಕೇ ರೀಡಿಂಗ್ ತಂಡ 55 ಮೀಟರ್ ಉದ್ದ, 55 ಮೀಟರ್ ಅಗಲದ ಜಾಗವನ್ನು ಒಂದೇ ಬಯಲಾಗಿ ತೆರೆಯಿತು. ಚೌಕ ಚೌಕವಾಗಿ ಅಗೆದು ನಡುವೆ ಮಣ್ಣಿನ ಗೋಡೆ ಬಿಡುವುದು ಇನ್ನೊಂದು ಪದ್ಧತಿ. ಅದಕ್ಕೆ ಹೆಸರಾದವರು ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್. 1947ರಲ್ಲಿ ನಮ್ಮ ಬ್ರಹ್ಮಗಿರಿ, ಚಂದ್ರವಳ್ಳಿಗಳನ್ನು ಅಗೆಸಿದವರೂ ಅವರೇ.

ಹೊಸಬರಿಗೆ ಮೊದಲು ಸಿಗುವುದು ಒಂದು ಸಣ್ಣ ಕರಣೆ. ಅದರ ಅಂಚಿನಿಂದ ಮಣ್ಣನ್ನು ತಮ್ಮ ಕಡೆಗೆ ಎಳೆಯುತ್ತಾ ಹಿಂದೆ ಹಿಂದೆ ಸರಿಯಬೇಕು. ಮುಂದೆ ಹೋದರೆ ಈಗಷ್ಟೇ ಸ್ವಚ್ಛ ಮಾಡಿದ ಜಾಗವನ್ನೇ ತುಳಿದಂತಾಗುತ್ತದೆ ಅಲ್ವಾ? ಬಿಸಿಲು ಜಾಸ್ತಿಯಾದರೆ ಮಣ್ಣು ಒಣಗಿ ಬಣ್ಣಗಳೆಲ್ಲ ಒಂದೇ ಥರ ಕಾಣುತ್ತವೆ. ಆಗ ನೀರು ಚಿಮುಕಿಸಿದರೆ ಗುಂಡಿಯ ಅಂಚು ಮತ್ತೆ ಎದ್ದು ಕಾಣುತ್ತದೆ. ಮಡಕೆ ಚೂರುಗಳನ್ನು ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯುತ್ತಾರೆ. ಕಬ್ಬಿಣ, ಕಂಚು ಸಿಕ್ಕರೆ ಮಾತ್ರ ತೊಳೆಯುವ ಹಾಗಿಲ್ಲ, ತುಕ್ಕು ಇನ್ನೂ ಹೆಚ್ಚಾಗುತ್ತದೆ.

ಈಗ ಪುರಾತತ್ವದ ಪರೀಕ್ಷೆಗೂ, ಅಗೆಯುವ ಕೆಲಸಕ್ಕೂ ಬೇಕಾದ ಮುಖ್ಯ ವಿಷಯ. ಅಗೆಯುವಾಗ ಪ್ರತಿಯೊಂದು ಘಟನೆಗೂ ಬೇರೆ ನಂಬರ್ ಕೊಡುತ್ತಾರೆ. ಯಾರೋ ಗುಂಡಿ ತೋಡಿದ್ದು ಒಂದು ಘಟನೆ. ಅದು ತುಂಬಿಕೊಂಡದ್ದು ಇನ್ನೊಂದು. ಆ ಗುಂಡಿ ಒಂದು ಹಳೇ ನೆಲವನ್ನು ಕತ್ತರಿಸಿದ್ದರೆ ನೆಲ ಮೊದಲು, ಗುಂಡಿ ಆಮೇಲೆ, ತುಂಬಿದ ಮಣ್ಣು ಕೊನೆಗೆ. ನಾವು ಅಗೆಯುವುದು ಇದರ ತಿರುಗುಮುರುಗು ಕ್ರಮದಲ್ಲಿ. ಈ ಸಂಬಂಧಗಳನ್ನು ಪೆಟ್ಟಿಗೆ ಮತ್ತು ಗೆರೆಗಳಲ್ಲಿ ಬರೆಯುವ ಚಿತ್ರವೇ ಹ್ಯಾರಿಸ್ ಮ್ಯಾಟ್ರಿಕ್ಸ್. ಎಡ್ವರ್ಡ್ ಹ್ಯಾರಿಸ್ ಇದನ್ನು ರೂಪಿಸಿದ್ದು 1973ರಲ್ಲಿ.

ತುಂಬಿದ ಮಣ್ಣಿನಲ್ಲಿ ಕ್ರಿ.ಶ. 270ರ ನಾಣ್ಯ ಸಿಕ್ಕಿತು ಎಂದುಕೊಳ್ಳಿ. ಗುಂಡಿ ಮುಚ್ಚಿದ್ದು 270ಕ್ಕಿಂತ ಮೊದಲಲ್ಲ ಎಂದಷ್ಟೇ ಹೇಳಬಹುದು. ನಾಣ್ಯ ಎಷ್ಟೋ ವರ್ಷ ಕೈಯಿಂದ ಕೈಗೆ ಓಡಾಡಿ ಆಮೇಲೆ ಬಿದ್ದಿರಬಹುದು. ಹಾಗಾದರೆ ನೆಲ 270ಕ್ಕಿಂತ ಹಳೆಯದೇ? ಹೌದು ಎಂದು ಬರೆದರೆ ತಪ್ಪು. ನೆಲ ಗುಂಡಿಗಿಂತ ಹಳೆಯದು, ಅಷ್ಟೇ ಗೊತ್ತಾಗಿದೆ. ಇದನ್ನು ಕಾಗದದ ಮೇಲೆ ಒಮ್ಮೆ ಬರೆದು ನೋಡಿ.

ಇದರಿಂದಲೇ ತಿಳಿಯುತ್ತದೆ, ಒಂದು ನಾಣ್ಯವನ್ನು ಸುಮ್ನೆ ಕಿತ್ತು ಜೇಬಿಗೆ ಹಾಕಿಕೊಂಡರೆ ಏನು ಹಾಳಾಗುತ್ತದೆ ಎಂದು. ಅದು ಯಾವ ಮಣ್ಣಿನಲ್ಲಿತ್ತು ಎಂಬ ಮಾಹಿತಿ ಮತ್ತೆಂದೂ ಸಿಗುವುದಿಲ್ಲ. ನಮ್ಮ ದೇಶದಲ್ಲೂ ಸಂರಕ್ಷಿತ ಜಾಗಗಳಲ್ಲಿ ಪರವಾನಗಿಯಿಲ್ಲದೆ ಅಗೆಯುವುದು ಅಪರಾಧ.

ನೀವೂ ಇಂಥ ಉತ್ಖನನಕ್ಕೆ ಹೋಗುವುದಾದರೆ, ಟೆಂಟ್ ವಾಸದ ಬಗ್ಗೆ ಎರಡೇ ಮಾತು. ಇಂಗ್ಲೆಂಡಿನ ಬೇಸಿಗೆ ರಾತ್ರಿಗಳು ನಮಗೆ ಚಳಿಯೇ, ದಪ್ಪ ಮಲಗುಚೀಲ ಬೇಕು. ಮಳೆಯೂ ಹೇಳದೆ ಬರುತ್ತದೆ. ಹೊರಡುವ ಮೊದಲು ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡಿರಿ. ದಿನವಿಡೀ ಮಂಡಿಯೂರಿ ಕೂರಬೇಕಾಗುತ್ತದೆ, ಮೆತ್ತೆ ಒಯ್ಯಿರಿ.

ಅಭ್ಯಾಸಕ್ಕೆ ಒಂದು ಪ್ರಶ್ನೆ: ಅದೇ ನೆಲದ ಮಣ್ಣಿನೊಳಗೆ ಕ್ರಿ.ಶ. 300ರ ನಾಣ್ಯವೂ ಸಿಕ್ಕರೆ, ಗುಂಡಿ ಮುಚ್ಚಿದ ಕಾಲದ ಬಗ್ಗೆ ಈಗ ಏನು ಹೇಳಬಹುದು? ನೆಲ 300ಕ್ಕಿಂತ ಮೊದಲಿನದಲ್ಲ, ಗುಂಡಿ ನೆಲಕ್ಕಿಂತ ಈಚಿನದು. ಆದ್ದರಿಂದ ಗುಂಡಿಯೂ 300ಕ್ಕಿಂತ ಮೊದಲಿನದಲ್ಲ. 270ರ ನಾಣ್ಯ ಅದರೊಳಗೆ ಬೀಳುವ ಹೊತ್ತಿಗೇ ಹಳೆಯದಾಗಿತ್ತು.