ಪದ ಪರಿಚಯ: ಡಿನೇಚರೇಶನ್

‘ಬೇಳೆಯನ್ನು ಕುಕ್ಕರಿನಲ್ಲಿ ಬೇಯಿಸಬೇಡಿ, ಪ್ರೋಟೀನ್ ಡಿನೇಚರ್ ಆಗಿ ನಾಶವಾಗುತ್ತದೆ.’ ಈ ತಿಂಗಳು ಈ ಸಂದೇಶ ನನಗೆ ಬಂದದ್ದು ಮೂರನೇ ಸಲ. ಮೊದಲೆರಡು ಸಲ ಸುಮ್ನೆ ಬಿಟ್ಟೆ. ಇನ್ನು ಬಿಡಲಾಗದು.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರ. ಆ ಸರ ಮಡಚಿ, ಸುತ್ತಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಹೆಚ್ಚಿನ ಪ್ರೋಟೀನುಗಳಿಗೆ ಕೆಲಸ ಮಾಡುವ ಶಕ್ತಿ ಬರುವುದೇ ಆ ಆಕಾರದಿಂದ. ಬಿಸಿಯೋ ಹುಳಿಯೋ ತಾಗಿದರೆ ಮಡಿಕೆ ಬಿಚ್ಚಿಕೊಳ್ಳುತ್ತದೆ, ಸರ ಮಾತ್ರ ಹರಿಯುವುದಿಲ್ಲ. ಇದೇ ಡಿನೇಚರೇಶನ್. 1931ರಲ್ಲೇ ಚೀನಾದ ವಿಜ್ಞಾನಿ ಶ್ಯೆನ್ ವೂ ಇದನ್ನು ಹೇಳಿದ್ದರು.

‘ನೇಚರ್’ ಅಂದರೆ ಇಲ್ಲಿ ಹುಟ್ಟುಗುಣ. ‘ಡಿ’ ಅಂದರೆ ಅದನ್ನು ಕಳೆಯುವುದು. ಮರಗೆಲಸದವರು ಪಾಲಿಶ್‌ಗೆ ಅರಗು ಕರಗಿಸುವ ಡಿನೇಚರ್ಡ್ ಸ್ಪಿರಿಟ್ ಗೊತ್ತಲ್ವಾ? ಅದರಲ್ಲಿರುವುದು ಅದೇ ಮದ್ಯಸಾರ. ಯಾರೂ ಕುಡಿಯದಿರಲಿ ಎಂದು ವಿಷದ ಅಥವಾ ಕಹಿ ಪದಾರ್ಥ ಬೆರೆಸಿರುತ್ತಾರೆ, ಅಷ್ಟೇ. ಅಲ್ಲಿ ಹೋದದ್ದು ಕುಡಿಯುವ ಗುಣ, ಪ್ರೋಟೀನಿನಲ್ಲಿ ಹೋದದ್ದು ಆಕಾರ. ಎರಡು ಕಡೆಯೂ ವಸ್ತು ಇದ್ದಲ್ಲೇ ಇದೆ. ಈ ಪದದಲ್ಲಿ ‘ನಾಶ’ ಎಲ್ಲಿಂದ ಬಂತು?

ನಮ್ಮ ‘ಒಡೆ’ ಎಂಬ ಕ್ರಿಯಾಪದದಿಂದ ಬಂದಿರಬೇಕು ಅನ್ನುವುದು ನನ್ನ ಗುಮಾನಿ. ಹಾಲು ಒಡೆಯಿತು ಅನ್ನುತ್ತೇವೆ. ಅಲ್ಲಿ ಆಗುವುದು ಹುಳಿಗೆ ಹಾಲಿನ ಕೇಸೀನ್ ಎಂಬ ಪ್ರೋಟೀನ್ ಗಂಟುಕಟ್ಟಿ ನೀರು ಬೇರೆಯಾಗುವುದು. ಕೇಸೀನಿಗೆ ಮೊದಲೇ ಗಟ್ಟಿ ಮಡಿಕೆ ಇಲ್ಲ, ಬಿಚ್ಚುವುದಕ್ಕೆ ಹೆಚ್ಚೇನೂ ಇಲ್ಲ. ಬಿಸಿಗೆ ಪ್ರೋಟೀನ್ ‘ಒಡೆಯಿತು’ ಅಂತಲೂ ಬರೆಯುತ್ತಾರೆ, ಅಲ್ಲಿ ಬಿಚ್ಚಿದ್ದು ಮಡಿಕೆ. ನಿಜಕ್ಕೂ ಒಡೆಯುವುದು ಹೊಟ್ಟೆಯಲ್ಲಿ. ಜೀರ್ಣರಸದಲ್ಲಿರುವ ಪೆಪ್ಸಿನ್, ಟ್ರಿಪ್ಸಿನ್ ಎಂಬ ಕಿಣ್ವಗಳು ಸೇರಿ ಸರವನ್ನೇ ತುಂಡು ಮಾಡುತ್ತವೆ. ಜೀವಕೋಶದೊಳಗೂ ಹಾಗೇ. ಕೆಟ್ಟ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಗುರುತಿನ ಚೀಟಿ ಅಂಟುತ್ತದೆ, ಪ್ರೋಟಿಯಾಸೋಮ್ ಎಂಬ ಕೋಶದ ಕತ್ತರಿಯಂತ್ರ ಆ ಪ್ರೋಟೀನನ್ನು ಕತ್ತರಿಸುತ್ತದೆ. ಈ ಚೀಟಿಯ ಗುಟ್ಟು ಬಿಡಿಸಿದವರಿಗೆ 2004ರ ನೊಬೆಲ್ ಬಂತು. ಮೂರು ಬೇರೆ ಬೇರೆ ಘಟನೆಗೆ ಒಂದೇ ‘ಒಡೆ’ ಬಳಸಿದರೆ ಓದುವವರು ಏನು ಮಾಡಬೇಕು? ‘ಮಡಿಕೆ ಬಿಚ್ಚುವುದು’ ಎಂಬ ಚಂದದ ಕನ್ನಡ ಇದೆಯಲ್ಲ, ಅದನ್ನೇ ಬರೆಯಿರಿ.

ಕಾದ ಹೆಂಚಿಗೆ ಮೊಟ್ಟೆ ಒಡೆದು ಹಾಕಿ ನೋಡಿ. ನೀರಿನಂತಿದ್ದ ಲೋಳೆ ಮೊದಲು ಅಂಚಿನಲ್ಲಿ ಬೆಳ್ಳಗಾಗುತ್ತದೆ, ಆಮೇಲೆ ಒಳಕ್ಕೆ ಹಬ್ಬುತ್ತದೆ. ಸುಮಾರು 60 ಡಿಗ್ರಿ ದಾಟಿದರೆ ಕೆಲವು ಪ್ರೋಟೀನುಗಳು ಬಿಚ್ಚಿಕೊಳ್ಳತೊಡಗುತ್ತವೆ. ಅದರಲ್ಲಿ ಜಾಸ್ತಿ ಇರುವ ಓವಾಲ್ಬ್ಯುಮಿನ್‌ಗೆ 80ರ ಆಸುಪಾಸು ಬೇಕು. ಬಿಚ್ಚಿದ ಸರಗಳು ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಆರಿಸಿದರೂ ಲೋಳೆ ವಾಪಸ್ ಬರದಿರುವುದು ಅದಕ್ಕೇ. ಹಾಗಂತ ಬಿಚ್ಚಿದ್ದೆಲ್ಲ ಮತ್ತೆ ಮಡಚದು ಅನ್ನುವಂತಿಲ್ಲ. ಅಮೆರಿಕದ ವಿಜ್ಞಾನಿ ಕ್ರಿಶ್ಚಿಯನ್ ಆನ್ಫಿನ್ಸನ್ 124 ಅಮೈನೋ ಆಮ್ಲಗಳ ರೈಬೋನ್ಯೂಕ್ಲಿಯೇಸ್ ಎಂಬ ಪ್ರೋಟೀನನ್ನು ಯೂರಿಯಾದಲ್ಲಿ ಪೂರ್ತಿ ಬಿಚ್ಚಿದರು. ಯೂರಿಯಾ ತೆಗೆದಾಗ ಅದು ತಾನೇ ಮಡಚಿಕೊಂಡು ಮತ್ತೆ ಕೆಲಸಕ್ಕೆ ನಿಂತಿತು! ಅವರಿಗೆ 1972ರಲ್ಲಿ ನೊಬೆಲ್ ಬಂತು.

ಇನ್ನು ಪೌಷ್ಟಿಕತೆಯ ಮಾತು. ಬಿಚ್ಚಿದ ಸರಕ್ಕೆ ಜೀರ್ಣರಸ ಸುಲಭವಾಗಿ ಕೈಹಾಕುತ್ತದೆ. 1998ರಲ್ಲಿ ಬೆಲ್ಜಿಯಂನಲ್ಲಿ ಅಳೆದು ನೋಡಿದಾಗ ಬೆಂದ ಮೊಟ್ಟೆಯ ಪ್ರೋಟೀನ್ ಸುಮಾರು ಶೇಕಡಾ 91ರಷ್ಟು ಜೀರ್ಣವಾಗಿತ್ತು, ಹಸಿಯದು ಬರೀ 51. ಇನ್ನು ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ಪ್ರೋಟೀನ್ ಇದೆ. ಅದರ ಮಡಿಕೆ ಬಿಚ್ಚುವಷ್ಟು ಕುದಿಸದೆ ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗುತ್ತದೆ. ಕುಕ್ಕರನ್ನು ಧೈರ್ಯವಾಗಿ ಒಲೆಗಿಡಿ.