ಗ್ರೂಪ್ ಶೋ ಅಂದರೆ ಯಾರ ಗ್ರೂಪು?

ಹೋದ ಚಳಿಗಾಲದಲ್ಲಿ ನಮ್ಮ ಡೊಂಬಿವಲಿ ಮನೆಗೆ ಒಂದು ಆಮಂತ್ರಣ ಬಂತು. 'ಕರ್ನಾಟಕದ ಆರು ಕಲಾವಿದರ ಸಮಕಾಲೀನ ಕಲೆಯ ಸಾಮೂಹಿಕ ಪ್ರದರ್ಶನ' ಅಂತ ಅಚ್ಚಾಗಿತ್ತು. ಜಾಗ ಮುಂಬೈಯ ಕಾಳಾ ಘೋಡಾ ಹತ್ತಿರದ ಒಂದು ಗ್ಯಾಲರಿ. ಪಕ್ಕದ ಮನೆಯ ವಿಜಯಪುರದ ಕಾಕಾ ಓದಿ, "ಏನ್ರೀ ಇದು, ಸಾಮೂಹಿಕ ವಿವಾಹ ಇದ್ದಂಗ ಐತಲ್ಲ!" ಅಂದರು. ನಗು ಬಂತು. ಆದರೆ ಅವರು ಹೇಳಿದ್ದು ಪೂರ್ತಿ ತಪ್ಪೇನಲ್ಲ. ಚಪ್ಪರ ಒಂದೇ, ಊಟ ಒಂದೇ, ಸಂಸಾರ ಮಾತ್ರ ಅವರವರದು. ಗ್ರೂಪ್ ಶೋ ಕೂಡ ಎಷ್ಟೋ ಸಲ ಹಾಗೇ ಇರುತ್ತದೆ.

ಒಬ್ಬರೇ ತಮ್ಮ ಕೃತಿಗಳನ್ನು ಇಟ್ಟರೆ ಅದು ಏಕವ್ಯಕ್ತಿ ಪ್ರದರ್ಶನ, ಮುಂಬೈಯವರ ಬಾಯಲ್ಲಿ ಸೋಲೋ. ಹಲವರು ಸೇರಿ ಇಟ್ಟರೆ ಗ್ರೂಪ್ ಶೋ. ಕನ್ನಡದಲ್ಲಿ ಸಮೂಹ ಪ್ರದರ್ಶನ ಅಂತಲೂ ಬರೆಯುತ್ತಾರೆ. ಸೇರುವುದಕ್ಕೆ ಮೊದಲ ಕಾರಣ ದುಡ್ಡು. ಗ್ಯಾಲರಿ ಬಾಡಿಗೆ, ಫ್ರೇಮು, ಊರಿಂದ ಚಿತ್ರ ತರುವ ಟೆಂಪೋ, ಲಾಡ್ಜು, ಕ್ಯಾಟಲಾಗು, ಉದ್ಘಾಟನೆ ದಿನದ ಚಹಾ. ಧಾರವಾಡದಿಂದ ಬರುವ ಡ್ರಾಯಿಂಗ್ ಮೇಷ್ಟ್ರೊಬ್ಬರ ಜೇಬಿಗೆ ಇಷ್ಟು ಭಾರ ಜಾಸ್ತಿ. ಆರು ಜನ ಹಂಚಿಕೊಂಡರೆ ಆಗುತ್ತದೆ. ಗೋಡೆಯೂ ತುಂಬುತ್ತದೆ.

ಇನ್ನೊಂದು ಬಗೆ ಇದೆ. ಅಲ್ಲಿ ಕ್ಯುರೇಟರ್ ಅಂತ ಒಬ್ಬರು ಇರುತ್ತಾರೆ. ಒಂದು ವಿಷಯ ಹಿಡಿದು, ಅದಕ್ಕೆ ಹೊಂದುವ ಕೃತಿಗಳನ್ನು ಅವರೇ ಆರಿಸುತ್ತಾರೆ. ಎರಡರಲ್ಲಿ ಇದು ಯಾವುದು ಅಂತ ತಿಳಿಯಲು ನಾನು ಒಂದು ಆಟ ಆಡುತ್ತೇನೆ. ಗೋಡೆಯ ಮೇಲಿನ ಒಂದು ಚಿತ್ರವನ್ನು ಮನಸ್ಸಿನಲ್ಲೇ ಕಿತ್ತು ಹಾಕುವುದು. ಪಕ್ಕದ ಚಿತ್ರಕ್ಕೆ ಏನೋ ಕಮ್ಮಿಯಾಯಿತು ಅನ್ನಿಸಿದರೆ ಯಾರೋ ಯೋಚಿಸಿ ಜೋಡಿಸಿದ್ದಾರೆ. ಏನೂ ಅನ್ನಿಸದಿದ್ದರೆ ಬಾಡಿಗೆಯ ಹಂಚಿಕೆ. ಹಂಚಿಕೆಯಲ್ಲಿ ತಪ್ಪೇನಿಲ್ಲ, ಅಲ್ವಾ? ಅದಕ್ಕೆ ಸುಮ್ನೆ ಒಂದು ಭಾರಿ ಶೀರ್ಷಿಕೆ ಅಂಟಿಸಿದಾಗ ಮಾತ್ರ ನನಗೆ ಕಿರಿಕಿರಿ.

ಹೊರ ಊರಿಂದ ಬಂದವರಿಗೆ ಇಲ್ಲಿ ಅಂಟಿಸುವ 'ಪ್ರಾದೇಶಿಕ ಕಲಾವಿದರು' ಅನ್ನುವ ಮಾತು ಇನ್ನೂ ತಮಾಷೆಯದು. ಕಲಬುರಗಿಯಲ್ಲಿ ಇದ್ದಾಗ ಅವರು ಬರೀ ಕಲಾವಿದರು. ರೈಲು ಹತ್ತಿ ಇಲ್ಲಿ ಇಳಿದರೆ ಪ್ರಾದೇಶಿಕರು! ಹಾಗಾದರೆ ಮುಂಬೈ ಯಾವ ಪ್ರದೇಶ? 1947ರಲ್ಲಿ ಇಲ್ಲಿ ಹುಟ್ಟಿದ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪನ್ನೇ ನೋಡಿ. ಅದನ್ನು ಕಟ್ಟಿದವರಲ್ಲಿ ಸೋಜಾ ಗೋವಾದ ಸಾಲಿಗಾಂವ್‌ನವರು. ರಜಾ ಮಧ್ಯಪ್ರದೇಶದ ಕಾಡಿನ ಕಡೆಯವರು. ಹುಸೇನ್ ಹುಟ್ಟಿದ್ದು ಪಂಢರಪುರದಲ್ಲಿ. ಆರಾ, ಗಾಡೆ, ಬಾಕ್ರೆ ಸೇರಿ ಒಟ್ಟು ಆರು ಜನ. ಬಾಕ್ರೆ ಶಿಲ್ಪಿ, ಉಳಿದವರು ಚಿತ್ರಕಾರರು. ಒಬ್ಬರ ಶೈಲಿ ಇನ್ನೊಬ್ಬರದನ್ನು ಹೋಲುವುದಿಲ್ಲ. ಹಳೆಯ ಕಲಾಶಾಲೆಗಳ ಪಾಠ ಇನ್ನು ಬೇಡ ಅನ್ನುವ ಹಟವೇ ಅವರನ್ನು ಸೇರಿಸಿದ್ದು. 1949ರಲ್ಲಿ ಒಟ್ಟಿಗೆ ಪ್ರದರ್ಶನ ಮಾಡಿದರು. ಅದೇ ವರ್ಷ ಸೋಜಾ ಲಂಡನ್‌ಗೆ ಹೋದರು, ಮರುವರ್ಷ ರಜಾ ಪ್ಯಾರಿಸ್‌ಗೆ. ಊರುಗಳಿಂದ ಬಂದವರ ಆ ಗುಂಪನ್ನು ಇವತ್ತು ಯಾರೂ ಪ್ರಾದೇಶಿಕ ಅನ್ನುವುದಿಲ್ಲ.

ನಮ್ಮ ಚಿತ್ರಕಾರ ಕೆ. ಕೆ. ಹೆಬ್ಬಾರರ ಕಥೆಯೂ ಅಷ್ಟೇ. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದರು. ಇಲ್ಲಿನ ಜೆ. ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು, ಅಲ್ಲೇ ಕಲಿಸಿ, 1996ರವರೆಗೆ ಮುಂಬೈಯವರಾಗೇ ಬಾಳಿದರು. ಕರಾವಳಿಯೂ ನಮ್ಮವರು ಅನ್ನುತ್ತದೆ, ಮುಂಬೈಯೂ ನಮ್ಮವರು ಅನ್ನುತ್ತದೆ.

ಉಳಿದದ್ದು 'ಸಮಕಾಲೀನ'. ಈಗ ಬರೆದದ್ದೆಲ್ಲ ಸಮಕಾಲೀನ ಅಂದುಕೊಂಡರೆ ಕ್ಯಾಲೆಂಡರ್ ನೋಡಿ ಹೇಳಿದ ಹಾಗಾಯಿತು. ಕಾವಿ ಕಲೆ ಗೊತ್ತಲ್ಲ? ಗೋವಾದಿಂದ ನಮ್ಮ ಕರಾವಳಿಯ ತನಕ ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿ ಕಾಣುತ್ತದೆ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬಳಿದು, ಹಸಿ ಇರುವಾಗಲೇ ಕೆರೆದು ಚಿತ್ರ ಬಿಡಿಸುತ್ತಾರೆ. ಅದನ್ನೇ ಅದೇ ರೀತಿ ಇವತ್ತು ಮಾಡಿದರೆ ಪರಂಪರೆ ಉಳಿಸಿದ ಹಾಗೆ. ಅದೇ ಕೆಮ್ಮಣ್ಣಿನಲ್ಲಿ ಯಾರಾದರೂ ವಿರಾರ್ ಲೋಕಲ್ ರೈಲಿನ ಬಾಗಿಲಿಗೆ ಜೋತುಬಿದ್ದವರನ್ನು ಕೆರೆದರೆ ಅದು ಸಮಕಾಲೀನ. ಇವತ್ತಿನ ಬದುಕನ್ನು ಅದು ಕೆಣಕಬೇಕು.

ಪ್ರದರ್ಶನಕ್ಕೆ ಕಾಕಾರನ್ನೂ ಕರೆದುಕೊಂಡು ಹೋದೆ. ಬಾಗಿಲಿಗೆ ಎದುರಿನ ಗೋಡೆ ಯಾರಿಗೆ ಅಂತ ಹಿಂದಿನ ಸಂಜೆ ಆರು ಜನರ ನಡುವೆ ಸಣ್ಣ ಜಗಳ ಆಗಿತ್ತಂತೆ. ಕೊನೆಗೆ ಚೀಟಿ ಎತ್ತಿದರಂತೆ. ಗೋಡೆ ಸಿಗದವರೊಬ್ಬರು ಇನ್ನೂ ಮುಖ ಊದಿಸಿಕೊಂಡೇ ಇದ್ದರು. ಕಾಕಾ ಕೈ ಹಿಂದೆ ಕಟ್ಟಿಕೊಂಡು ಚಿತ್ರಗಳ ಪಕ್ಕದ ಒಂದೊಂದೇ ಚೀಟಿ ಓದುತ್ತಾ ಹೋದರು. ಹೆಸರು, ಆಕ್ರಿಲಿಕ್, 36 ಇಂಚು, 48 ಇಂಚು. ಎಮ್ಮೆಗಳ ಚಿತ್ರದ ಮುಂದೆ ನಿಂತರು. ಚೀಟಿಯ ಮೂಲೆಯಲ್ಲಿ ಒಂದು ಕೆಂಪು ಚುಕ್ಕಿ ಅಂಟಿಸಿತ್ತು.

"ಇದಕ್ಯಾಕ ಕುಂಕುಮ ಹಚ್ಯಾರ?"

"ಮಾರಾಟ ಆಗ್ಯದ ಅಂತ ಗುರ್ತ್ರಿ ಕಾಕಾ," ಅಂದರು ಕಲಾವಿದರು.

ಕಾಕಾ ಮತ್ತೆ ಬಾಗಿಲಿಗೆ ಹೋಗಿ ಮೊದಲಿಂದ ಚುಕ್ಕಿ ಎಣಿಸುತ್ತಾ ಸುತ್ತು ಹಾಕಿ ಬಂದರು. "ಆರು ಮಂದ್ಯಾಗ ಇಬ್ಬರದು ಕೂಡಿ ಬಂದದ," ಅಂದರು.