ಶ್ರಿಂಕೇಜ್ ಲಿಮಿಟ್ ಕಡಿಮೆ ಬಂತೆಂದು ಹಿಗ್ಗಬೇಡಿ

ಮಣ್ಣಿನ ರಿಪೋರ್ಟ್ ಕೈಗೆ ಬಂದ ಕೂಡಲೇ ಗುತ್ತಿಗೆದಾರರು ಹುಡುಕುವುದು ಒಂದೇ ಸಾಲು: ಶ್ರಿಂಕೇಜ್ ಲಿಮಿಟ್. ಅಲ್ಲಿ 10 ಅಂತ ಇದ್ದರೆ ಮುಖ ಅರಳುತ್ತದೆ. "ಬರೀ ಹತ್ತು ಸರ್. ಜಾಸ್ತಿ ಕುಗ್ಗಲ್ಲ ಅಲ್ವಾ?" ಪಕ್ಕದ ಸೈಟಿನವರಿಗೆ 20 ಬಂದಿದ್ದರೆ ಅವರ ಮೇಲೆ ಮರುಕ ಬೇರೆ.

ಉಲ್ಟಾ ಸ್ವಾಮಿ, ಪೂರ್ತಿ ಉಲ್ಟಾ.

ಆ 10 ಮಣ್ಣು ಎಷ್ಟು ಕುಗ್ಗುತ್ತದೆ ಅನ್ನುವ ಲೆಕ್ಕವಲ್ಲ. ಒಣಗುತ್ತಾ ಹೋದ ಮಣ್ಣು ಎಷ್ಟು ತೇವ ಉಳಿದಾಗ ಕುಗ್ಗುವುದನ್ನು ನಿಲ್ಲಿಸುತ್ತದೆ ಅನ್ನುವ ಲೆಕ್ಕ, ಅದೂ ಒಣ ಮಣ್ಣಿನ ತೂಕದ ಶೇಕಡಾವಾರಿನಲ್ಲಿ. ನೀರು ಹೋದಂತೆಲ್ಲ ಕಣಗಳು ಹತ್ತಿರ ಬರುತ್ತವೆ. ಒಂದು ಹಂತದಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಅಲ್ಲಿಂದ ಮುಂದೆ ನೀರು ಹೋದ ಜಾಗಕ್ಕೆ ಗಾಳಿ ಬರುತ್ತದೆ, ಗಾತ್ರ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಲ್ಯಾಬಿನಲ್ಲಿ ಕಲಸಿದ ಮಣ್ಣನ್ನು ತುಂಬಿ ಒಣಗಿಸುವ ಪುಟ್ಟ ಬಟ್ಟಲಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಕಡುಕಪ್ಪಗಿದ್ದ ಮಣ್ಣಿನ ಬಿಲ್ಲೆ ಅಂಚಿನಿಂದ ಬೆಳ್ಳಗಾಗುತ್ತಾ ಬರುತ್ತದೆ.

ಇನ್ನೂ ಒಪ್ಪದವರಿಗೆ ಲೆಕ್ಕ ಬರೆದೇ ತೋರಿಸುತ್ತೇನೆ. 100 ಗ್ರಾಂ ಒಣ ಎರೆಮಣ್ಣಿಗೆ 60 ಗ್ರಾಂ ನೀರು ಕಲಸಿದರೆ ಗಾತ್ರ ಸುಮಾರು 97 ಸಿಸಿ (ಕಣಗಳದ್ದು 37, ನೀರಿನದ್ದು 60). ಲಿಮಿಟ್ 10 ಆದರೆ 50 ಗ್ರಾಂ ನೀರು ಹೋಗುವ ತನಕ ಕುಗ್ಗುತ್ತಲೇ ಇರುತ್ತದೆ. ಕೊನೆಗೆ ಉಳಿಯುವುದು 47 ಸಿಸಿ, ಅರ್ಧಕ್ಕಿಂತ ಕಡಿಮೆ! ಅದೇ 35 ಗ್ರಾಂ ನೀರು ಹಿಡಿದ ಕೆಂಪು ಮಣ್ಣಿನ ಲಿಮಿಟ್ 20 ಇದ್ದರೆ, 72 ಸಿಸಿ ಇದ್ದದ್ದು 57ಕ್ಕೆ ನಿಲ್ಲುತ್ತದೆ. ಈಗ ಹೇಳಿ, ಯಾರ ಮೇಲೆ ಮರುಕಪಡಬೇಕು?

ಬಿರುಕಿನ ಕಥೆ ಇನ್ನೊಂದು. ಬಟ್ಟಲಲ್ಲಿ ಬಿರುಕು ಬಿಟ್ಟ ಬಿಲ್ಲೆಯ ಫೋಟೋ ಹಿಡಿದು "ನೋಡಿ ಎಂಥಾ ಕೆಟ್ಟ ಮಣ್ಣು" ಅನ್ನುತ್ತಾರೆ. ಹೆಚ್ಚಿನ ಸಲ ತಪ್ಪು ಮಣ್ಣಿನದಲ್ಲ, ನಮ್ಮ ಲ್ಯಾಬಿನ ಹುಡುಗರದು. ಬಟ್ಟಲಿಗೆ ಗ್ರೀಸ್ ಸರಿಯಾಗಿ ಸವರದಿದ್ದರೆ ಮಣ್ಣು ತಳಕ್ಕೆ ಅಂಟಿಕೊಳ್ಳುತ್ತದೆ. ಮೇಲ್ಭಾಗ ಒಣಗಿ ಒಳಕ್ಕೆ ಎಳೆಯುತ್ತದೆ, ತಳ ಬಿಡುವುದಿಲ್ಲ, ನಡುವೆ ಸೀಳುತ್ತದೆ. ನೆರಳಲ್ಲಿ ಆರಿಸದೆ ಸೀದಾ ಓವನ್‌ಗೆ ಇಟ್ಟರೂ ಅಷ್ಟೇ. ಅಂಥ ಬಿಲ್ಲೆಯ ಗಾತ್ರವನ್ನು ಪಾದರಸದಲ್ಲಿ ಅದ್ದಿ ಅಳೆದು ಪ್ರಯೋಜನವಿಲ್ಲ. ಎಸೆದು ಹೊಸದು ಮಾಡಬೇಕು.

ಗದಗ ಕಡೆಯ ಅಜ್ಜ ಒಬ್ಬರು ಮನೆ ಕಟ್ಟಿಸುವ ಮಗನ ಜೊತೆ ಬಂದಿದ್ದರು. ಮಗ 10 ನೋಡಿ ಖುಷಿಯಾದ. ಅಜ್ಜ ನಕ್ಕರು: "ಬ್ಯಾಸಿಗ್ಯಾಗ ನಮ್ಮ ಹೊಲದ ಬಿರುಕಿನ್ಯಾಗ ಕೋಲು ಬಿಟ್ರ ಪೂರಾ ಒಳಗ ಹೋಗ್ತೈತಿ. ನಿನ್ನ ಕಾಗದ ಏನರ ಹೇಳ್ಲಿ." ಲ್ಯಾಬಿಗೆ ಬರುವವರಲ್ಲಿ ನನಗೆ ಇಷ್ಟವಾಗುವುದು ಇಂಥವರೇ.

ಹಾಗಂತ ಈ ಒಂದು ಸಂಖ್ಯೆಯಿಂದಲೇ ಮಣ್ಣನ್ನು ಕೆಟ್ಟದ್ದೆಂದೂ ಹೇಳಲಾರೆ. ನಾವು ಪರೀಕ್ಷಿಸುವುದು ಜರಡಿ ಹಿಡಿದು ಕಲಸಿದ ಮಣ್ಣನ್ನು. ನೆಲದಲ್ಲಿ ಅದು ಹಾಗಿರುವುದಿಲ್ಲ. ಲಿಕ್ವಿಡ್ ಲಿಮಿಟ್ (ಎಷ್ಟು ತೇವ ಸೇರಿದರೆ ಮಣ್ಣು ದ್ರವದಂತೆ ಹರಿಯಲು ಶುರುವಾಗುತ್ತದೆ ಅನ್ನುವುದು) ನೋಡಿ, ಫ್ರೀ ಸ್ವೆಲ್ ಇಂಡೆಕ್ಸ್ (ನೀರಲ್ಲಿ ಹಾಕಿದ ಮಣ್ಣು ಶೇಕಡಾ ಎಷ್ಟು ಉಬ್ಬುತ್ತದೆ ಅನ್ನುವುದು) ನೋಡಿ. ಈ ಫ್ರೀ ಸ್ವೆಲ್ 50 ದಾಟಿದ್ದರೆ ಪಾಯದ ನಕ್ಷೆ ಮುಗಿಸುವ ಮೊದಲೇ ರಿಪೋರ್ಟ್ ಹಿಡಿದುಕೊಂಡು ಇಂಜಿನಿಯರ್ ಹತ್ತಿರ ಕೂತು ಮಾತಾಡಿ.